ತೂಕ ಇಳಿಸುವ ಆಪರೇಷನ್: ಹೊರಡುವ ಮುಂಚೆ, ಮಾಡಿಸುವಾಗ, ಮಾಡಿಸಿದ ಮೇಲೆ

ಆಪರೇಷನ್ ಆದ ಮರುದಿನ ಬೆಳಿಗ್ಗೆ ನರ್ಸ್ ನಮ್ಮಕ್ಕನ ಕೈಗೆ ಒಂದು ಪುಟ್ಟ ಪ್ಲಾಸ್ಟಿಕ್ ಕಪ್ ಕೊಟ್ಟರು. ಕೆಮ್ಮಿನ ಸಿರಪ್ ಬಾಟಲಿಯ ಜೊತೆ ಬರುತ್ತದಲ್ಲ, ಅಷ್ಟೇ ದೊಡ್ಡದು. ಅದರಲ್ಲಿ 30 ಎಂಎಲ್ ನೀರು. "ಇದನ್ನ ಕಾಲು ಗಂಟೆ ಕುಡೀರಿ ಅಮ್ಮ, ಒಂದೇ ಸಲ ಬೇಡ" ಅಂದರು. ಅಕ್ಕ ನನ್ನ ಮುಖ ನೋಡಿದಳು. ಚೊಂಬು ಎತ್ತಿ ಗಟಗಟ ನೀರು ಕುಡಿದು ಬೆಳೆದವಳು ಅವಳು. ಆ ಕಪ್ ಖಾಲಿಯಾಗುವ ಹೊತ್ತಿಗೆ ಅವಳಿಗೆ ಹೊಟ್ಟೆ ತುಂಬಿದ ಹಾಗಾಗಿತ್ತು.

ಇದಾಗಿ ನಾಲ್ಕು ವರ್ಷ ದಾಟಿದೆ. 104 ಕೆಜಿ ಇದ್ದವಳು ಒಂದೂವರೆ ವರ್ಷದಲ್ಲಿ 72ಕ್ಕೆ ಬಂದಳು. ಈಗ 76ರಲ್ಲಿ ಇದ್ದಾಳೆ. ಅವಳನ್ನು ನೋಡಿದ ನೆಂಟರು, ಪರಿಚಯದವರು ಆಗಾಗ ಫೋನ್ ಮಾಡಿ ಕೇಳುತ್ತಾರೆ: "ನಾವೂ ಮಾಡಿಸಬಹುದಾ? ಅಪಾಯ ಏನಾದ್ರೂ ಇದ್ಯಾ?" ನಾನು ಡಾಕ್ಟರ್ ಅಲ್ಲ. ಮೊದಲ ಭೇಟಿಯಿಂದ ಹಿಡಿದು ಮೊನ್ನೆಯ ರಕ್ತಪರೀಕ್ಷೆವರೆಗೆ ಅವಳ ಜೊತೆ ಹೋದವಳು, ದಾರಿಯುದ್ದಕ್ಕೂ ಓದಿಕೊಂಡವಳು, ಡಾಕ್ಟರ್‌ಗಳಿಗೆ ಪ್ರಶ್ನೆ ಕೇಳಿ ಕೇಳಿ ತಿಳಿದುಕೊಂಡವಳು. ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಬರೆದಿದ್ದೀನಿ. ನನಗೆ ಮುಖ್ಯ ಅನಿಸಿದ ಮಾತನ್ನು ಮೊದಲೇ ಹೇಳಿಬಿಡುತ್ತೀನಿ. ಆಪರೇಷನ್ ಆಗಿ ಎರಡು ವರ್ಷ ಕಳೆದ ಮೇಲೆ ಊಟ, ಮಾತ್ರೆ, ಪರೀಕ್ಷೆ ಹೇಗೆ ನಡೆಸುತ್ತೀರಿ ಅನ್ನುವುದಕ್ಕೆ ನಿಮ್ಮ ಹತ್ತಿರ ಉತ್ತರ ಇರಬೇಕು. ಆಮೇಲೆ ತಾರೀಖು ಗೊತ್ತುಮಾಡಿ.

ಹೆಜ್ಜೆ 1: ಲೆಕ್ಕ ಹಾಕಿ, ಯಾಕೆ ಬೇಕು ಅಂತ ಕೇಳಿಕೊಳ್ಳಿ

ಎಲ್ಲ ಡಾಕ್ಟರ್‌ಗಳೂ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕದಿಂದಲೇ ಶುರು ಮಾಡುತ್ತಾರೆ. ಎತ್ತರವನ್ನು ಮೀಟರ್‌ನಲ್ಲಿ ಬರೆದು ಅದನ್ನು ಅದರಿಂದಲೇ ಗುಣಿಸಿ. ಬಂದ ಸಂಖ್ಯೆಯಿಂದ ತೂಕವನ್ನು ಭಾಗಿಸಿ. ಅಕ್ಕನ ಎತ್ತರ 158 ಸೆಂಟಿಮೀಟರ್, ಅಂದರೆ 1.58 ಮೀಟರ್. ಗುಣಿಸಿದರೆ ಸುಮಾರು 2.5. 104ನ್ನು 2.5ರಿಂದ ಭಾಗಿಸಿದರೆ 41.6.

ನಮ್ಮ ಭಾರತದವರಿಗೆ ಕೊಬ್ಬು ಹೊಟ್ಟೆಯ ಸುತ್ತ ಜಾಸ್ತಿ ಸೇರುತ್ತದೆ. ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ ಬರುತ್ತದೆ. ಅದಕ್ಕೇ ನಮಗೆ ಬೊಜ್ಜಿನ ಗೆರೆ 25ರಿಂದಲೇ ಶುರು. ಆಪರೇಷನ್‌ಗೆ ನಮ್ಮ ದೇಶದ ಸರ್ಜನ್‌ಗಳು ಬಹಳ ಕಾಲ ಬಳಸಿದ ಲೆಕ್ಕ ಹೀಗಿದೆ: ಬೇರೆ ಕಾಯಿಲೆ ಇಲ್ಲದಿದ್ದರೆ 37.5, ಸಕ್ಕರೆ, ಬಿಪಿ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದ್ದರೆ 32.5. 2022ರಲ್ಲಿ ಈ ಕ್ಷೇತ್ರದ ಅಮೆರಿಕದ ಸಂಘ ಮತ್ತು ಅಂತರರಾಷ್ಟ್ರೀಯ ಸಂಘ ಸೇರಿ ಹೊಸ ಮಾರ್ಗಸೂಚಿ ತಂದವು. ಅದರ ಪ್ರಕಾರ ಏಷ್ಯಾದವರಿಗೆ 27.5ಕ್ಕೇ ಆಪರೇಷನ್ ಬಗ್ಗೆ ಮಾತಾಡಬಹುದು. ಮಾತಾಡಬಹುದು ಅಂದರೆ ಮಾಡಿಸಲೇಬೇಕು ಅಂತ ಅರ್ಥ ಅಲ್ಲ.

ಸಂಖ್ಯೆಗಿಂತ ಮುಖ್ಯ ಕಾರಣ. ಅಕ್ಕನಿಗೆ ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು. ರಾತ್ರಿ ಗೊರಕೆ ನಡುವೆ ಉಸಿರೇ ನಿಂತ ಹಾಗೆ ಆಗುತ್ತಿತ್ತು, ಭಾವ ಎದ್ದು ಕೂತು ಕಾಯುತ್ತಿದ್ದರು. ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಿತ್ತು. ಇವು ಕಾರಣಗಳು. ಮದುವೆಗೆ ಆರು ತಿಂಗಳಿದೆ, ಸಣ್ಣಗೆ ಕಾಣಬೇಕು ಅನ್ನುವುದಕ್ಕೆ ಈ ಆಪರೇಷನ್ ಮಾಡಿಸಬೇಡಿ.

ಇನ್ನೊಂದು ಗೊಂದಲ ಇಲ್ಲೇ ಬಗೆಹರಿಯಲಿ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವ ನಟಿಯೊಬ್ಬರು ಕೊಬ್ಬು ತೆಗೆಸಿಕೊಳ್ಳುವ ಸರ್ಜರಿಗೆ ಹೋಗಿ ತೀರಿಕೊಂಡರು. ಆ ಸುದ್ದಿ ನೋಡಿ ನಮ್ಮಮ್ಮ ವಾರಗಟ್ಟಲೆ ಹೆದರಿದ್ದರು. ಚರ್ಮದ ಕೆಳಗಿನ ಕೊಬ್ಬನ್ನು ತೆಗೆಯುವುದು ಬೇರೆ. ಅದು ಅಂದಕ್ಕಾಗಿ ಮಾಡುವಂಥದ್ದು, ಅದರಿಂದ ಸಕ್ಕರೆ ಕಾಯಿಲೆ ಇಳಿಯುವುದಿಲ್ಲ. ನಾನು ಹೇಳುತ್ತಿರುವ ಬೇರಿಯಾಟ್ರಿಕ್ ಆಪರೇಷನ್ ಜಠರ ಮತ್ತು ಸಣ್ಣ ಕರುಳಿನ ಮೇಲೆ ಮಾಡುವಂಥದ್ದು. ಎರಡರ ಅಪಾಯವೂ ಬೇರೆ, ಲಾಭವೂ ಬೇರೆ.

ಹೆಜ್ಜೆ 2: ಬೇರೆ ದಾರಿಗಳನ್ನು ನಿಜವಾಗಿ ನೋಡಿ

"ಬಾಯಿ ಕಟ್ಟಿದ್ರೆ ಸಾಕು, ಆಪರೇಷನ್ ಯಾಕೆ?" ಅನ್ನುವವರು ನಿಮ್ಮ ಮನೆಯಲ್ಲೂ ಇರುತ್ತಾರೆ. ಅವರ ಮೇಲೆ ಕೋಪ ಬೇಡ, ಆದರೆ ಆ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಲೂ ಬೇಡಿ. ತೂಕ ಇಳಿದಾಗ ದೇಹ ಹಸಿವಿನ ಹಾರ್ಮೋನನ್ನು ಜಾಸ್ತಿ ಮಾಡುತ್ತದೆ, ಶಕ್ತಿಯ ಖರ್ಚನ್ನು ಕಡಿಮೆ ಮಾಡುತ್ತದೆ, ಹಳೆಯ ತೂಕಕ್ಕೆ ವಾಪಸ್ ಎಳೆಯುತ್ತದೆ. ಅಕ್ಕ ಮೂರು ಸಲ ಹತ್ತು ಹನ್ನೆರಡು ಕೆಜಿ ಇಳಿಸಿದ್ದಳು. ಮೂರು ಸಲವೂ ಹದಿನೈದು ವಾಪಸ್ ಬಂತು. ಅದು ಸೋಮಾರಿತನ ಅಲ್ಲ.

ಈಗ ಇಂಜೆಕ್ಷನ್‌ಗಳೂ ಇವೆ. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಭಾರತಕ್ಕೆ ಬಂದವು. ವಾರಕ್ಕೊಂದು ಸಲ ಚುಚ್ಚಿಕೊಳ್ಳಬೇಕು. ದೊಡ್ಡ ಅಧ್ಯಯನಗಳಲ್ಲಿ ವೆಗೋವಿಯ ಔಷಧದಿಂದ ಸರಾಸರಿ ನೂರಕ್ಕೆ 15ರಷ್ಟು, ಮೌಂಜಾರೊದ ಅತಿ ಹೆಚ್ಚಿನ ಡೋಸ್‌ನಿಂದ ನೂರಕ್ಕೆ 20ರಷ್ಟು ತೂಕ ಇಳಿದಿದೆ. ನಿಲ್ಲಿಸಿದರೆ ಬಹುಪಾಲು ತೂಕ ಮರಳಿ ಬರುತ್ತದೆ. ಬಿಎಂಐ 30ರ ಸುತ್ತ ಇರುವವರು, ಆಪರೇಷನ್ ತಡೆದುಕೊಳ್ಳುವ ಸ್ಥಿತಿಯಲ್ಲಿ ಇಲ್ಲದವರು ಈ ದಾರಿಯನ್ನು ಮೊದಲು ಡಾಕ್ಟರ್ ಹತ್ತಿರ ಮಾತಾಡುವುದು ಒಳ್ಳೆಯದು ಅಂತ ನನಗನಿಸುತ್ತದೆ. ಬಿಎಂಐ 40 ದಾಟಿ, ಸಕ್ಕರೆಯೂ ಇದ್ದರೆ ಆಪರೇಷನ್ ಕೊಡುವ ಫಲ ಇನ್ನೂ ದೊಡ್ಡದು, ಹೆಚ್ಚು ಕಾಲ ನಿಲ್ಲುವಂಥದ್ದು.

ಥೈರಾಯ್ಡ್ ಪರೀಕ್ಷೆ ಮಾಡಿಸದೆ ಯಾವ ದಾರಿಗೂ ಹೋಗಬೇಡಿ.

ಹೆಜ್ಜೆ 3: ಯಾವ ಆಪರೇಷನ್ ಅಂತ ತಿಳಿದುಕೊಳ್ಳಿ

ಹೆಚ್ಚಾಗಿ ನಿಮ್ಮ ಮುಂದೆ ಬರುವುದು ಮೂರು ಹೆಸರು. ಎಲ್ಲವನ್ನೂ ಹೊಟ್ಟೆಯಲ್ಲಿ ನಾಲ್ಕೈದು ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ಲ್ಯಾಪರೋಸ್ಕೋಪಿಯಲ್ಲೇ ಮಾಡುತ್ತಾರೆ.

ಸ್ಲೀವ್: ಜಠರದ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿಯೇ ಕತ್ತರಿಸಿ ಹೊರಗೆ ತೆಗೆಯುತ್ತಾರೆ. ಬಾಳೆಹಣ್ಣಿನ ಆಕಾರದ ಕೊಳವೆ ಉಳಿಯುತ್ತದೆ. ಹಸಿವಿನ ಹಾರ್ಮೋನ್ ಬರುವುದು ಬಹುಪಾಲು ತೆಗೆದುಹಾಕಿದ ಆ ಭಾಗದಿಂದಲೇ, ಹಾಗಾಗಿ ಹಸಿವೂ ತಗ್ಗುತ್ತದೆ. ಕರುಳನ್ನು ಮುಟ್ಟುವುದಿಲ್ಲ. ತೆಗೆದ ಜಠರವನ್ನು ವಾಪಸ್ ಜೋಡಿಸಲು ಆಗುವುದಿಲ್ಲ ಅನ್ನುವುದು ನೆನಪಿರಲಿ.

ಬೈಪಾಸ್: ಜಠರದ ಮೇಲ್ಭಾಗದಲ್ಲಿ ಕೋಳಿಮೊಟ್ಟೆಗಿಂತ ಚಿಕ್ಕ ಚೀಲ ಮಾಡಿ, ಅದಕ್ಕೆ ಸಣ್ಣ ಕರುಳನ್ನು ನೇರ ಜೋಡಿಸುತ್ತಾರೆ. ಊಟ ಉಳಿದ ಜಠರವನ್ನೂ ಕರುಳಿನ ಮೊದಲ ಭಾಗವನ್ನೂ ಬಿಟ್ಟು ಮುಂದೆ ಹೋಗುತ್ತದೆ. ಸಕ್ಕರೆ ಕಾಯಿಲೆಗೂ ಎದೆಯುರಿಗೂ ಇದರ ಫಲ ಚೆನ್ನಾಗಿದೆ. ವಿಟಮಿನ್ ಕೊರತೆ ಸ್ಲೀವ್‌ಗಿಂತ ಜಾಸ್ತಿ.

ಮಿನಿ ಬೈಪಾಸ್: ಎರಡು ಜೋಡಣೆಯ ಬದಲು ಒಂದೇ ಜೋಡಣೆ. ನಮ್ಮ ದೇಶದಲ್ಲಿ ಬಹಳ ಜನ ಮಾಡಿಸುತ್ತಾರೆ. ಕೆಲವರಿಗೆ ಪಿತ್ತರಸ ಮೇಲಕ್ಕೆ ಬರುವ ತೊಂದರೆ ಆಗಬಹುದು. ಊಟ ಹಾದುಹೋಗದ ಹಾಗೆ ಎಷ್ಟು ಉದ್ದದ ಕರುಳನ್ನು ಬದಿಗೆ ಬಿಡುತ್ತಾರೆ ಅಂತ ಕೇಳಿಕೊಳ್ಳಿ, ತುಂಬಾ ಉದ್ದ ಬದಿಗೆ ಬಿಟ್ಟರೆ ಪೋಷಣೆ ಕೆಡುತ್ತದೆ.

ಹೊಟ್ಟೆಯೊಳಗೆ ಬಲೂನ್ ಇಡುವುದು ಆಪರೇಷನ್ ಅಲ್ಲ, ಸಾಮಾನ್ಯವಾಗಿ ಆರು ತಿಂಗಳಿಗೆ ತೆಗೆದುಬಿಡುತ್ತಾರೆ.

ನಾವು ಸ್ಲೀವ್ ಮಾಡಿಸೋಣ ಅಂತಲೇ ಹೋಗಿದ್ದು. ಎಂಡೋಸ್ಕೋಪಿ, ಅಂದರೆ ಬಾಯಿಂದ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ, ಮಾಡಿದಾಗ ಅಕ್ಕನ ಜಠರದ ಮೇಲ್ತುದಿ ಎದೆಯ ಕಡೆಗೆ ಜಾರಿರುವುದು, ಅನ್ನನಾಳದ ಕೆಳಗೆ ಹುಣ್ಣಾಗಿರುವುದು ಕಾಣಿಸಿತು. ವರ್ಷಗಟ್ಟಲೆ "ಗ್ಯಾಸ್ಟ್ರಿಕ್" ಅಂತ ಮಾತ್ರೆ ನುಂಗುತ್ತಿದ್ದದ್ದು ಅದಕ್ಕೇ. ಸ್ಲೀವ್ ಆದ ಮೇಲೆ ಎದೆಯುರಿ ಜಾಸ್ತಿಯಾಗುವ ಸಂಭವ ಇರುತ್ತದೆ. ಸರ್ಜನ್ ಆ ಚಿತ್ರ ತೋರಿಸಿ ಬೈಪಾಸ್ ಒಳ್ಳೆಯದು ಅಂದರು, ಅದನ್ನೇ ಮಾಡಿಸಿದೆವು. ಎಂಡೋಸ್ಕೋಪಿ ಮಾಡದೆಯೇ ಸ್ಲೀವ್‌ಗೆ ತಾರೀಖು ಕೊಡುವ ಕಡೆ ಎರಡು ಸಲ ಯೋಚಿಸಿ.

ಹೆಜ್ಜೆ 4: ಲಾಭ ಎಷ್ಟು, ಎಷ್ಟು ದಿನ

ಒಂದೆರಡು ವರ್ಷದಲ್ಲಿ ಸ್ಲೀವ್‌ನಿಂದ ಒಟ್ಟು ತೂಕದ ಸುಮಾರು ಕಾಲು ಭಾಗ, ಬೈಪಾಸ್‌ನಿಂದ ನೂರಕ್ಕೆ 30ರ ಹತ್ತಿರ ಇಳಿಯುತ್ತದೆ. ಉಸಿರು ಕಟ್ಟುವುದು, ಬಿಪಿ, ಲಿವರ್‌ನ ಕೊಬ್ಬು, ಮಂಡಿನೋವು ತಗ್ಗುತ್ತವೆ. ಪಿಸಿಓಡಿ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ) ಇರುವ ಹೆಣ್ಣುಮಕ್ಕಳಿಗೆ ಮುಟ್ಟು ಸರಿಹೋಗುವುದುಂಟು.

ಸ್ವೀಡನ್‌ನಲ್ಲಿ 1987ರಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಗಮನಿಸುತ್ತಾ ಬಂದ ಅಧ್ಯಯನ ಒಂದಿದೆ. ಆಪರೇಷನ್ ಮಾಡಿಸಿಕೊಂಡವರು, ಅದೇ ರೀತಿ ತೂಕ ಇದ್ದು ಮಾಡಿಸದವರಿಗಿಂತ ಸರಾಸರಿ ಮೂರು ವರ್ಷ ಹೆಚ್ಚು ಬದುಕಿದರು ಅಂತ 2020ರಲ್ಲಿ ಅದರ ವರದಿ ಬಂತು.

ಸಕ್ಕರೆ ಕಾಯಿಲೆ ವಿಷಯದಲ್ಲಿ ಜಾಹೀರಾತು ನೋಡಿ ಮೋಸ ಹೋಗಬೇಡಿ. "ಡಯಾಬಿಟಿಸ್ ಪೂರ್ತಿ ವಾಸಿ" ಅಂತ ಬರೆಯುತ್ತಾರೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ 150 ಜನರ ಮೇಲೆ ನಡೆದ ಅಧ್ಯಯನದಲ್ಲಿ ಐದು ವರ್ಷ ಆದ ಮೇಲೆ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 6 ಅಥವಾ ಅದಕ್ಕಿಂತ ಕೆಳಗೆ ಇದ್ದವರು ಬೈಪಾಸ್‌ನಲ್ಲಿ ನೂರಕ್ಕೆ 29, ಸ್ಲೀವ್‌ನಲ್ಲಿ 23, ಬರೀ ಔಷಧದಲ್ಲಿ 5. ಅಂದರೆ ಲಾಭ ನಿಜವಾಗಿಯೂ ದೊಡ್ಡದು, ಆದರೆ ಎಲ್ಲರಿಗೂ ವಾಸಿಯಾಗುವುದಿಲ್ಲ. ಕಾಯಿಲೆ ಬಂದು ಕಡಿಮೆ ವರ್ಷ ಆಗಿದ್ದರೆ, ಇನ್ಸುಲಿನ್ ಶುರುವಾಗಿಲ್ಲದಿದ್ದರೆ ಅವಕಾಶ ಜಾಸ್ತಿ. ಅಕ್ಕ ದಿನಕ್ಕೆ 40 ಯೂನಿಟ್ ಇನ್ಸುಲಿನ್ ತಗೊಳ್ಳುತ್ತಿದ್ದಳು. ಈಗ ಇನ್ಸುಲಿನ್ ಇಲ್ಲ, ಮೆಟ್‌ಫಾರ್ಮಿನ್ ಒಂದು ಮಾತ್ರೆ ಇದೆ.

ಹೆಜ್ಜೆ 5: ಅಪಾಯವನ್ನು ಕಣ್ಣು ಬಿಟ್ಟು ನೋಡಿ

ಅನುಭವಿ ತಂಡ ಇರುವ ಕಡೆ ಮೊದಲ ತಿಂಗಳಲ್ಲಿ ಸಾವಿನ ಸಂಭವ ಸಾವಿರಕ್ಕೆ ಒಂದರಿಂದ ಮೂರರ ಆಸುಪಾಸು. ಪಿತ್ತಕೋಶ ತೆಗೆಯುವ ಆಪರೇಷನ್‌ನಷ್ಟೇ. ಕಡಿಮೆ ನಿಜ, ಸೊನ್ನೆ ಅಲ್ಲ.

ಮೊದಲ ಕೆಲವು ವಾರಗಳಲ್ಲಿ ಹೆದರಬೇಕಾದ್ದು ಮೂರು. ಒಂದು, ಕತ್ತರಿಸಿ ಸ್ಟೇಪ್ಲರ್ ಪಿನ್ನಿನಿಂದ ಮುಚ್ಚಿದ ಜಾಗದಲ್ಲಿ ಸೋರಿಕೆ. ನೂರರಲ್ಲಿ ಒಬ್ಬರಿಗೆ ಅಥವಾ ಅದಕ್ಕೂ ಕಡಿಮೆ ಜನಕ್ಕೆ ಆಗುತ್ತದೆ, ಆದರೆ ಆದಾಗ ಬಹಳ ಗಂಭೀರ. ಎರಡು, ರಕ್ತಸ್ರಾವ. ಮೂರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದು. ನಾಡಿ ನಿಮಿಷಕ್ಕೆ 120 ದಾಟಿ ಇಳಿಯದೇ ಇದ್ದರೆ, ಜ್ವರ, ಜಾಸ್ತಿಯಾಗುತ್ತಿರುವ ಹೊಟ್ಟೆನೋವು, ಎಡ ಭುಜದ ನೋವು, ಉಸಿರಾಟದ ಕಷ್ಟ, ಒಂದೇ ಕಾಲಿನ ಮೀನಖಂಡ ಊದಿಕೊಳ್ಳುವುದು, ಕಪ್ಪು ಮಲ, ಇವುಗಳಲ್ಲಿ ಯಾವುದು ಕಂಡರೂ ಬೆಳಿಗ್ಗೆವರೆಗೆ ಕಾಯಬೇಡಿ. ಆಪರೇಷನ್ ಮಾಡಿದ ಆಸ್ಪತ್ರೆಗೇ ಹೋಗಿ.

ಆಮೇಲಿನ ವರ್ಷಗಳ ತೊಂದರೆಗಳು ನಿಧಾನಕ್ಕೆ ಬರುತ್ತವೆ. ಬಿ12, ಕಬ್ಬಿಣಾಂಶ, ವಿಟಮಿನ್ ಡಿ, ಕ್ಯಾಲ್ಸಿಯಂ ಕೊರತೆ. ತೂಕ ಬೇಗ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲು, ಅದಕ್ಕೆ ಹಲವರಿಗೆ ಆರು ತಿಂಗಳು ಮಾತ್ರೆ ಕೊಡುತ್ತಾರೆ. ಜೋತುಬೀಳುವ ಚರ್ಮ. ಬೈಪಾಸ್ ಆದವರಿಗೆ ಜೋಡಣೆಯ ಜಾಗದಲ್ಲಿ ಹುಣ್ಣು, ಸಿಗರೇಟು ಸೇದಿದರೆ ಅದು ಇನ್ನೂ ಹೆಚ್ಚು. ಒಳಗಿನ ಸಂದಿಯಲ್ಲಿ ಕರುಳು ಸಿಕ್ಕಿಕೊಳ್ಳುವುದು ಇನ್ನೊಂದು. ಆಪರೇಷನ್ ಆಗಿ ಎಷ್ಟೋ ವರ್ಷದ ಮೇಲೂ ಊಟದ ನಂತರ ಹಿಂಡಿದಂತೆ ನೋವು ಬಂದು ಬಂದು ಹೋಗುತ್ತದೆ. ನಮ್ಮ ಕಡೆ ಅದಕ್ಕೂ ಗ್ಯಾಸ್ಟ್ರಿಕ್ ಅಂದು ಸುಮ್ನೆ ಆಗಿಬಿಡುತ್ತಾರೆ. ಬೈಪಾಸ್ ಆದವರು ಹಾಗೆ ಸುಮ್ಮನಾಗಬಾರದು, ಸಿಟಿ ಸ್ಕ್ಯಾನ್ ಬೇಕಾಗುತ್ತದೆ.

ಮನಸ್ಸಿನ ಮಾತೂ ಇದೆ. ಬೈಪಾಸ್ ನಂತರ ಮದ್ಯ ಬೇಗ ಏರುತ್ತದೆ, ಚಟವಾಗುವ ಅಪಾಯ ಹೆಚ್ಚು. ಬೇಸರ ಬಂದಾಗ ತಿಂದು ಸಮಾಧಾನ ಪಡುತ್ತಿದ್ದವರಿಗೆ ಆ ದಾರಿ ಮುಚ್ಚಿಹೋಗುತ್ತದೆ. ಕೆಲವರು ಖಿನ್ನತೆಗೆ ಜಾರುತ್ತಾರೆ. ಆಪರೇಷನ್ ಮುಂಚೆ ಮನೋವೈದ್ಯರನ್ನು ನೋಡಿ ಅಂದಾಗ "ನನಗೇನು ಹುಚ್ಚಾ?" ಅಂತ ಬೇಜಾರಾಗಬೇಡಿ. ಮನಸ್ಸು ಬಿಚ್ಚಿ ಮಾತಾಡಿ.

ಹೆಜ್ಜೆ 6: ಆಸ್ಪತ್ರೆ, ಸರ್ಜನ್, ದುಡ್ಡು

ನಾವು ಮೊದಲು ಹೋದ ಕಡೆ ಸರ್ಜನ್ ಹತ್ತು ನಿಮಿಷ ಮಾತಾಡಿದರು. ಆಮೇಲೆ ಕೌನ್ಸೆಲರ್ ಒಬ್ಬರು ಬಂದು, ಇವತ್ತೇ ಅಡ್ವಾನ್ಸ್ ಕಟ್ಟಿದರೆ 20 ಸಾವಿರ ಕಡಿಮೆ ಮಾಡುತ್ತೀವಿ ಅಂದರು. ನಾವು ಎದ್ದು ಬಂದೆವು. ಹೊಟ್ಟೆ ಕತ್ತರಿಸುವ ನಿರ್ಧಾರಕ್ಕೆ ಅವಸರ ಹಚ್ಚುವವರ ಹತ್ತಿರ ಇರಬೇಡಿ ಅಂತ ನನ್ನ ಖಂಡಿತ ಅಭಿಪ್ರಾಯ.

ಎರಡನೇ ಕಡೆ ಅಕ್ಕ ಒಂದು ಚೀಟಿಯಲ್ಲಿ ಬರೆದುಕೊಂಡು ಹೋದ ಪ್ರಶ್ನೆಗಳು ಇವು. ನೀವೂ ಕೇಳಿ: ವರ್ಷಕ್ಕೆ ಇಂಥ ಆಪರೇಷನ್ ಎಷ್ಟು ಮಾಡುತ್ತೀರಿ? ಸೋರಿಕೆ ಆದವರು ಎಷ್ಟು ಜನ, ಅವರಿಗೆ ಏನು ಮಾಡಿದಿರಿ? ರಾತ್ರಿ ಎಮರ್ಜೆನ್ಸಿ ಬಂದರೆ ಯಾರು ಇರುತ್ತಾರೆ, ಐಸಿಯು ಇದೆಯಾ? ಡಯಟೀಷಿಯನ್ ಎಷ್ಟು ವರ್ಷ ಜೊತೆಗಿರುತ್ತಾರೆ? ಐದು ವರ್ಷ ದಾಟಿದ ಒಬ್ಬ ಪೇಷೆಂಟ್ ಜೊತೆ, ಅವರು ಒಪ್ಪಿದರೆ, ಮಾತಾಡಿಸುತ್ತೀರಾ? ಕೊನೆಯ ಪ್ರಶ್ನೆಗೆ ಸಿಕ್ಕ ಉತ್ತರವೇ ನಮ್ಮ ನಿರ್ಧಾರ ಮಾಡಿಸಿತು.

ಬೆಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲಿ ಸುಮಾರು ಎರಡೂವರೆಯಿಂದ ಐದು ಲಕ್ಷ ಆಗಬಹುದು. ವಿಮೆ ಇದ್ದರೆ ಷರತ್ತು ಓದಿ. ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದ ಪ್ರಕಾರ ವಯಸ್ಸು 18 ಆಗಿರಬೇಕು, ಡಾಕ್ಟರ್ ಸಲಹೆ ಇರಬೇಕು, ಬಿಎಂಐ 40 ಇರಬೇಕು. 35 ದಾಟಿದ್ದು 40 ಮುಟ್ಟದವರಿಗೆ ಹೃದಯದ ಕಾಯಿಲೆ, ತೀವ್ರ ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಉಸಿರು ಕಟ್ಟುವುದು), ಹತೋಟಿಗೆ ಬಾರದ ಟೈಪ್ 2 ಸಕ್ಕರೆ ಕಾಯಿಲೆ ಇವುಗಳಲ್ಲಿ ಒಂದಾದರೂ ಇದ್ದು, ಬೇರೆ ವಿಧಾನ ಸೋತಿರಬೇಕು. ಗಮನಿಸಿದಿರಾ? ಡಾಕ್ಟರ್ 32.5ಕ್ಕೆ ಆಗಬಹುದು ಅಂದರೂ ವಿಮೆ ಒಪ್ಪುವುದಿಲ್ಲ. ಕಾಯುವ ಅವಧಿಯೂ ಇರುತ್ತದೆ. ಹಳೆಯ ಚೀಟಿಗಳು, ತೂಕದ ದಾಖಲೆ, ನಿದ್ದೆ ಪರೀಕ್ಷೆಯ ವರದಿ ಒಂದೂ ಬಿಸಾಡಬೇಡಿ. ವರ್ಷವರ್ಷದ ಮಾತ್ರೆ, ಪ್ರೋಟೀನ್ ಪುಡಿ, ರಕ್ತಪರೀಕ್ಷೆಯ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ತಗೊಳ್ಳಿ.

ಹೆಜ್ಜೆ 7: ತಯಾರಿಯ ವಾರಗಳು

ರಕ್ತಪರೀಕ್ಷೆ, ಸ್ಕ್ಯಾನಿಂಗ್, ಎಂಡೋಸ್ಕೋಪಿ, ಇಸಿಜಿ, ಎಕೋ (ಹೃದಯದ ಸ್ಕ್ಯಾನ್), ಗೊರಕೆ ಇದ್ದರೆ ನಿದ್ದೆ ಪರೀಕ್ಷೆ. ಸಕ್ಕರೆ ಕಾಯಿಲೆಯವರು ಕಣ್ಣಿನ ರೆಟಿನಾ ಕೂಡ ತೋರಿಸಿಕೊಳ್ಳಿ, ಸಕ್ಕರೆ ಒಮ್ಮೆಲೇ ಇಳಿದಾಗ ಅಲ್ಲಿನ ತೊಂದರೆ ಕೆಲವರಿಗೆ ಜಾಸ್ತಿಯಾಗುತ್ತದೆ. ಬಿ12, ವಿಟಮಿನ್ ಡಿ ಮೊದಲೇ ಕಡಿಮೆ ಇದ್ದರೆ ಈಗಲೇ ತುಂಬಿಸಿಕೊಳ್ಳಿ.

ಆಪರೇಷನ್‌ಗೆ ಸುಮಾರು ಎರಡು ವಾರ ಮುಂಚೆ ಕಡಿಮೆ ಕ್ಯಾಲೊರಿಯ, ಹೆಚ್ಚು ಪ್ರೋಟೀನಿನ ಪಥ್ಯ ಕೊಡುತ್ತಾರೆ. ಇದು ನಿಮ್ಮ ಪರೀಕ್ಷೆ ಮಾಡಲು ಅಲ್ಲ. ದಪ್ಪ ಇರುವವರ ಲಿವರ್ ಕೊಬ್ಬು ತುಂಬಿ ಊದಿರುತ್ತದೆ, ಅದು ಜಠರದ ಮೇಲೆಯೇ ಮಲಗಿರುತ್ತದೆ. ಸರ್ಜನ್ ಅದನ್ನು ಎತ್ತಿ ಹಿಡಿದೇ ಕೆಲಸ ಮಾಡಬೇಕು. ಎರಡು ವಾರ ಪಥ್ಯ ಮಾಡಿದರೆ ಲಿವರ್ ಕುಗ್ಗುತ್ತದೆ. ಹಿಂದಿನ ದಿನ "ಇನ್ನು ಸಿಗಲ್ಲ" ಅಂತ ಬಿರಿಯಾನಿ ತಿನ್ನುವ ಆಸೆ ಬಹಳ ಜನಕ್ಕೆ ಬರುತ್ತದೆ. ದಯವಿಟ್ಟು ಬೇಡ.

ಸಿಗರೇಟು, ಬೀಡಿ, ತಂಬಾಕು ಪೂರ್ತಿ ಬಿಡಬೇಕು. ಕೆಲವು ಸಕ್ಕರೆ ಮಾತ್ರೆಗಳನ್ನು, ಉದಾಹರಣೆಗೆ ಡಾಪಾಗ್ಲಿಫ್ಲೋಜಿನ್ ತರಹದವನ್ನು, ಕನಿಷ್ಠ ಮೂರು ದಿನ ಮುಂಚೆಯೇ ನಿಲ್ಲಿಸಬೇಕಾಗುತ್ತದೆ. ನೀವೇ ನಿಲ್ಲಿಸಬೇಡಿ, ಪಟ್ಟಿ ತಗೊಂಡು ಹೋಗಿ ಕೇಳಿ.

ಹೆಜ್ಜೆ 8: ಆಸ್ಪತ್ರೆಯ ದಿನಗಳು

ಆಪರೇಷನ್ ಒಂದರಿಂದ ಮೂರು ಗಂಟೆ. ಆಸ್ಪತ್ರೆಯಲ್ಲಿ ಎರಡು ಮೂರು ದಿನ. ಸಿಪ್ಯಾಪ್ ಮೆಷಿನ್ (ನಿದ್ದೆಯಲ್ಲಿ ಉಸಿರು ಕಟ್ಟದ ಹಾಗೆ ಗಾಳಿ ಒತ್ತುವ ಯಂತ್ರ) ಬಳಸುವವರು ಜೊತೆಗೇ ಒಯ್ಯಿರಿ. ಅದೇ ದಿನ ಸಂಜೆ ಎಬ್ಬಿಸಿ ನಡೆಸುತ್ತಾರೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ. ಅಕ್ಕ ಕಾರಿಡಾರ್‌ನಲ್ಲಿ ನನ್ನ ಹೆಗಲು ಹಿಡಿದು ಎಂಟು ಹೆಜ್ಜೆ ಇಟ್ಟಳು, ಕೂತಳು, ಮತ್ತೆ ಎಂಟು ಇಟ್ಟಳು. ಹೊಟ್ಟೆಗೆ ತುಂಬಿದ ಗ್ಯಾಸ್‌ನಿಂದ ಭುಜ ನೋಯುತ್ತದೆ, ನಡೆದಷ್ಟೂ ಬೇಗ ಹೋಗುತ್ತದೆ. ಹೋಗದೆ ಜಾಸ್ತಿಯಾದರೆ ಐದನೇ ಹೆಜ್ಜೆಯಲ್ಲಿ ಹೇಳಿದ್ದು ನೆನಪಿರಲಿ.

ಡಿಸ್ಚಾರ್ಜ್ ದಿನ ಇನ್ಸುಲಿನ್ ಮತ್ತು ಗ್ಲಿಮೆಪಿರೈಡ್ ತರಹದ ಮಾತ್ರೆಯ ಹೊಸ ಡೋಸ್ ಬರೆಸಿಕೊಳ್ಳದೆ ಹೊರಡಬೇಡಿ. ಹಳೆಯ ಡೋಸ್ ಮುಂದುವರಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ.

ಹೆಜ್ಜೆ 9: ಊಟವನ್ನು ಮೊದಲಿಂದ ಕಲಿಯುವುದು

ಇಲ್ಲಿ ನಿಧಾನವಾಗಿ ಓದಿ. ಎಲ್ಲಕ್ಕಿಂತ ಕಷ್ಟ ಆಗಿದ್ದು ನಮಗೆ ಇದೇ.

ಮೊದಲ ಒಂದೆರಡು ದಿನ ತಿಳಿಯಾದ ನೀರು ಪದಾರ್ಥ: ನೀರು, ಸೋಸಿದ ಬೇಳೆ ಕಟ್ಟು, ಖಾರ ಇಲ್ಲದ ತರಕಾರಿ ಸೂಪ್. ನಂತರ ಸುಮಾರು ಎರಡು ವಾರ ಹಾಲು, ಸೋಸಿದ ಮಜ್ಜಿಗೆ, ಪ್ರೋಟೀನ್ ಪುಡಿ ಕಲಸಿದ ಹಾಲು, ತೆಳು ರಾಗಿ ಗಂಜಿ. ಆಮೇಲೆ ಎರಡು ವಾರ ಮಿಕ್ಸಿಗೆ ಹಾಕಿದ ಹಾಗಿರುವ ಊಟ: ಮಸೆದ ಬೇಳೆ, ಗಟ್ಟಿ ಮೊಸರು, ಕಲಸಿದ ಮೊಟ್ಟೆ. ಅದಾದ ಮೇಲೆ ಮೆತ್ತಗಿನದು: ಸಾರಿನಲ್ಲಿ ನೆನೆದ ಇಡ್ಲಿ, ಬೇಯಿಸಿದ ಮೊಟ್ಟೆ, ಮೀನು, ಪನ್ನೀರ್. ಎಂಟನೇ ವಾರದ ಹೊತ್ತಿಗೆ ಹೆಚ್ಚು ಕಡಿಮೆ ಮಾಮೂಲಿ ಊಟ. ನಿಮ್ಮ ಡಯಟೀಷಿಯನ್ ದಿನಗಳನ್ನು ಸ್ವಲ್ಪ ಆಚೀಚೆ ಮಾಡಬಹುದು, ಅವರ ಮಾತನ್ನೇ ಕೇಳಿ.

ನಿಯಮ ಮೂರೇ. ಚೆನ್ನಾಗಿ ಅಗಿಯಿರಿ. ಊಟದ ಜೊತೆ ಕುಡಿಯಬೇಡಿ, ಮುಂಚೆ ಅರ್ಧ ಗಂಟೆ ನಂತರ ಅರ್ಧ ಗಂಟೆ ನೀರು ಬಿಡಿ. ಪ್ರೋಟೀನ್ ಮೊದಲು, ಪಲ್ಯ ಆಮೇಲೆ, ಅನ್ನ ಕೊನೆಗೆ. ಈ ಮೂರೂ ನಮ್ಮ ಊಟದ ರೂಢಿಗೆ ತಿರುಗುಮುರುಗು. ನಮ್ಮ ಎಲೆಯಲ್ಲಿ ಅನ್ನ ನಡುವೆ ಇರುತ್ತದೆ, ಬೇಳೆ ಅದರ ಮೇಲೆ ಸುರಿದುಕೊಳ್ಳುವುದು, ಕೊನೆಗೆ ಒಂದು ಲೋಟ ಮಜ್ಜಿಗೆ ಇಲ್ಲದೆ ಊಟ ಮುಗಿಯುವುದಿಲ್ಲ.

ಅಕ್ಕನಿಗೆ ಕಷ್ಟ ಕೊಟ್ಟಿದ್ದು ಮುದ್ದೆ. ನಾವು ಹಾಸನದ ಕಡೆಯವರು. ಮುದ್ದೆ ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು ಅಂತ ಅಜ್ಜಿ ಕಲಿಸಿದ್ದು. ಆಪರೇಷನ್ ಆಗಿ ಎರಡೂವರೆ ತಿಂಗಳಿಗೆ ಆಸೆಪಟ್ಟು ಒಂದೇ ಒಂದು ತುತ್ತು ನುಂಗಿದಳು. ಅದು ಎದೆಯ ನಡುವೆ ನಿಂತುಬಿಟ್ಟಿತು. ಬಾಯಲ್ಲಿ ನೊರೆ ನೊರೆ ಜೊಲ್ಲು ಬಂತು. ನೀರು ಕುಡಿದರೆ ಸರಿಹೋಗುತ್ತದೆ ಅಂತ ಅಮ್ಮ ಲೋಟ ತಂದರು, ಅದು ತಪ್ಪು, ಇನ್ನೂ ಹಿಂಸೆ ಆಗುತ್ತದೆ. ಅರ್ಧ ಗಂಟೆ ಅಡ್ಡಾಡಿದ ಮೇಲೆ ವಾಂತಿಯಾಗಿ ಹೊರಬಂತು. ಈಗ ಅವಳು ನೆಲ್ಲಿಕಾಯಿ ಗಾತ್ರದ ಮುದ್ದೆಯನ್ನು ಚಮಚದಲ್ಲಿ ಚಪ್ಪಟೆ ಮಾಡಿ, ಸೊಪ್ಪಿನ ಸಾರಿನ ಜೊತೆ ಅಗಿದು ತಿನ್ನುತ್ತಾಳೆ. ರಾಗಿ ರೊಟ್ಟಿ ಅವಳಿಗೆ ಇನ್ನೂ ಸಲೀಸು.

ಸಿಹಿಯ ಪಾಠ ಯುಗಾದಿಗೆ ಆಯಿತು. ಅರ್ಧ ಹೋಳಿಗೆ ತಿಂದ ಇಪ್ಪತ್ತು ನಿಮಿಷಕ್ಕೆ ಬೆವರು, ಎದೆ ಡವಡವ, ಹೊಟ್ಟೆ ತೊಳಸಿ ಮಲಗಿಬಿಟ್ಟಳು. ಇದಕ್ಕೆ ಡಂಪಿಂಗ್ ಅನ್ನುತ್ತಾರೆ. ಬೈಪಾಸ್‌ನಲ್ಲಿ ಸಕ್ಕರೆ ನೇರ ಕರುಳಿಗೆ ಇಳಿಯುವುದರಿಂದ ಹೀಗಾಗುತ್ತದೆ. ಪ್ರಾಣಾಪಾಯ ಅಲ್ಲ, ಒಂದೆರಡು ಗಂಟೆಯಲ್ಲಿ ಹೋಗುತ್ತದೆ.

ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಲೆಕ್ಕ ಹಾಕಲು ಇಷ್ಟು ನೆನಪಿಡಿ: ಒಂದು ಮೊಟ್ಟೆ 6 ಗ್ರಾಂ, 100 ಎಂಎಲ್ ಹಾಲು 3, ನೂರು ಗ್ರಾಂ ಪನ್ನೀರ್ ಸುಮಾರು 18, ನೂರು ಗ್ರಾಂ ಬೆಂದ ಚಿಕನ್ ಸುಮಾರು 25, ಒಣ ಸೋಯಾ ಚಂಕ್ಸ್ 50 ಗ್ರಾಂಗೆ ಸುಮಾರು 25. ಒಂದು ಚಿಕ್ಕ ಬಟ್ಟಲು ಬೇಳೆಯಲ್ಲಿ ಸಿಗುವುದು ಐದಾರು ಗ್ರಾಂ ಅಷ್ಟೇ. ಬರೀ ಸಾರು ಅನ್ನ ತಿನ್ನುವವರಿಗೆ ಈ ಲೆಕ್ಕ ಎಂದೂ ಮುಟ್ಟುವುದಿಲ್ಲ. ಸಸ್ಯಾಹಾರಿಗಳಿಗೆ ಮೊದಲ ತಿಂಗಳುಗಳಲ್ಲಿ ಪ್ರೋಟೀನ್ ಪುಡಿ ಬೇಕೇ ಬೇಕು.

ಮದುವೆ ಮನೆಯಲ್ಲಿ ಬಡಿಸುವವರು "ಇನ್ನೊಂಚೂರು ಹಾಕಿಸ್ಕೊಳ್ಳಿ" ಅಂತ ಬಗ್ಗುತ್ತಾರಲ್ಲ, ಆಗ ಜೊತೆಯಲ್ಲಿ ಕೂತವರು ಕೈ ಅಡ್ಡ ಹಿಡಿಯಬೇಕು. ಆ ಕೆಲಸ ಈಗ ನನ್ನದು.

ಹೆಜ್ಜೆ 10: ಬದುಕಿರುವವರೆಗಿನ ಕೆಲಸಗಳು

ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರುತ್ತದೆ. ಬಾಚಣಿಗೆ ತುಂಬಾ ಬರುವಾಗ ಅಕ್ಕ ಅತ್ತಳು. ಪ್ರೋಟೀನ್, ಕಬ್ಬಿಣಾಂಶ ಸರಿಯಿದ್ದರೆ ಒಂದು ವರ್ಷದೊಳಗೆ ಸಾಮಾನ್ಯವಾಗಿ ವಾಪಸ್ ಬರುತ್ತದೆ. ಅವಳಿಗೂ ಬಂತು.

ಮಲ್ಟಿವಿಟಮಿನ್, ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ ಸಿಟ್ರೇಟ್, ಕಬ್ಬಿಣಾಂಶ. ಇವು ಶಾಶ್ವತ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆ ನಡುವೆ ಎರಡು ಗಂಟೆ ಅಂತರ ಇರಲಿ. ಕಬ್ಬಿಣದ ಮಾತ್ರೆಯನ್ನು ಕಾಫಿ ಟೀ ಜೊತೆ ತಗೊಳ್ಳಬೇಡಿ, ಮೈಗೆ ಹತ್ತುವುದಿಲ್ಲ.

ಮೆಡಿಕಲ್ ಸ್ಟೋರ್‌ನಲ್ಲಿ ಮೈಕೈ ನೋವಿಗೆ ಕೊಡುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳನ್ನು ಬೈಪಾಸ್ ಆದವರು ಮುಟ್ಟಬಾರದು, ಹುಣ್ಣಾಗುತ್ತದೆ. ಪ್ಯಾರಸಿಟಮಾಲ್ ಆಗಬಹುದು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ದಿನಗಟ್ಟಲೆ ವಾಂತಿಯಾದರೆ ದೇಹದಲ್ಲಿ ಬಿ1, ಅಂದರೆ ಥಯಾಮಿನ್, ಖಾಲಿಯಾಗುತ್ತದೆ. ಸುಸ್ತಾಗಿದೆ ಅಂತ ಹತ್ತಿರದ ಕ್ಲಿನಿಕ್‌ಗೆ ಹೋಗಿ ಗ್ಲೂಕೋಸ್ ಹಾಕಿಸಿಕೊಳ್ಳುವುದು ನಮ್ಮಲ್ಲಿ ಮಾಮೂಲಿ. ಥಯಾಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟಾಗಬಹುದು. ನಡೆಯುವಾಗ ತೂರಾಡುವುದು, ಕಣ್ಣು ಎರಡೆರಡು ಕಾಣುವುದು, ಗೊಂದಲ ಇದರ ಲಕ್ಷಣ. ಅಕ್ಕನ ಪರ್ಸ್‌ನಲ್ಲಿ ಒಂದು ಕಾರ್ಡ್ ಇದೆ, ಲ್ಯಾಮಿನೇಟ್ ಮಾಡಿಸಿದ್ದು. ಆಪರೇಷನ್ ಹೆಸರು, ತಾರೀಖು, ಆಸ್ಪತ್ರೆಯ ನಂಬರ್, "ಗ್ಲೂಕೋಸ್‌ಗೆ ಮುಂಚೆ ಥಯಾಮಿನ್ ಕೊಡಿ, ಐಬುಪ್ರೊಫೆನ್ ಬೇಡ" ಅಂತ ಬರೆದಿದೆ. ನೀವೂ ಮಾಡಿಸಿಕೊಳ್ಳಿ.

ಹೆಣ್ಣುಮಕ್ಕಳು 12ರಿಂದ 18 ತಿಂಗಳು ಗರ್ಭ ಧರಿಸಬಾರದು. ತೂಕ ಇಳಿದಾಗ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ, ಬೈಪಾಸ್ ನಂತರ ಗರ್ಭನಿರೋಧಕ ಮಾತ್ರೆಯನ್ನು ನಂಬುವ ಹಾಗಿಲ್ಲ. ಕಾಪರ್-ಟಿ ತರಹದ ಬೇರೆ ದಾರಿ ಕೇಳಿ. ಮುಂದೆ ಗರ್ಭಿಣಿಯಾದಾಗ ಸಕ್ಕರೆ ನೀರು ಕುಡಿಸಿ ಮಾಡುವ ಪರೀಕ್ಷೆಗೆ ಮುಂಚೆಯೇ ಬೈಪಾಸ್ ಆಗಿದೆ ಅಂತ ಹೇಳಿ, ಇಲ್ಲದಿದ್ದರೆ ಡಂಪಿಂಗ್ ಆಗುತ್ತದೆ.

ಎರಡನೇ ವರ್ಷದಿಂದ ತೂಕ ಸ್ವಲ್ಪ ಏರುವುದು ಸಹಜ. ನಾಲ್ಕು ಕೆಜಿ ಏರಿದಾಗ ಅಕ್ಕ ನಾಚಿಕೊಂಡು ಆರು ತಿಂಗಳು ಡಯಟೀಷಿಯನ್ ಹತ್ತಿರ ಹೋಗಲೇ ಇಲ್ಲ. ಹೋಗದೇ ಇರುವುದೇ ತಪ್ಪಾಗಿದ್ದು. ಹೋದಾಗ ಗೊತ್ತಾಯಿತು, ಟಿವಿ ಮುಂದೆ ಕೂತು ಸಂಜೆಯಿಡೀ ಚೂರು ಚೂರೇ ಖಾರಾ ಮಂಡಕ್ಕಿ, ಚಕ್ಕುಲಿ ತಿನ್ನುತ್ತಿದ್ದಳು. ಕುರುಕಲು ಚಿಕ್ಕ ಜಠರದಲ್ಲೂ ಸಲೀಸಾಗಿ ಜಾರಿಹೋಗುತ್ತದೆ. ಈಗ ಆ ಹೊತ್ತಿಗೆ ಬೀದಿಯಲ್ಲಿ ಮುಕ್ಕಾಲು ಗಂಟೆ ನಡೆಯುತ್ತಾಳೆ.

ರಕ್ತಪರೀಕ್ಷೆ ಮೊದಲ ವರ್ಷ ಮೂರು, ಆರು, ಹನ್ನೆರಡನೇ ತಿಂಗಳಿಗೆ, ಆಮೇಲೆ ವರ್ಷಕ್ಕೊಂದು. ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶ), ಬಿ12, ವಿಟಮಿನ್ ಡಿ, ಪಿಟಿಎಚ್ (ಕ್ಯಾಲ್ಸಿಯಂ ಹತೋಟಿಯ ಹಾರ್ಮೋನ್), ಆಲ್ಬುಮಿನ್ (ರಕ್ತದ ಪ್ರೋಟೀನ್), ಎಚ್‌ಬಿಎ1ಸಿ. ಚೆನ್ನಾಗಿದ್ದೀನಿ ಅನಿಸಿದಾಗಲೂ ಮಾಡಿಸಿ. ಈ ಸಲ ಅಕ್ಕನಿಗೆ ಯಾವ ಸುಸ್ತೂ ಇರಲಿಲ್ಲ, ಆದರೂ ಫೆರಿಟಿನ್ 9ಕ್ಕೆ ಇಳಿದಿತ್ತು. ಎರಡು ಸಲ ಕಬ್ಬಿಣದ ಡ್ರಿಪ್ ಹಾಕಿದರು. ಮುಂದಿನ ಪರೀಕ್ಷೆಯ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದೀವಿ, ಆ ದಿನ ನಾನೂ ರಜೆ ಹಾಕುತ್ತೀನಿ.